ದುಡಿಯುವವರ ದೇಹತೂಕದ ಹತೋಟಿಗೆ ಆರೋಗ್ಯ ವಿಮೆಯ ನೆರವು

(ಆಸ್ಪತ್ರೆಯ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ರೋಗಿಗಳು ಹಾಗೂ ಅವರ ಬಂಧುಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸ)



ಆಸ್ಪತ್ರೆಗೆ ಬರುವವರಲ್ಲಿ ಎರಡು ಬಗೆ. ಒಳಗೆ ಹಾಸಿಗೆಯ ಮೇಲೆ ಮಲಗಿರುವವರು ಒಂದು ಬಗೆ. ಹೊರಗೆ ಬೆಂಚಿನ ಮೇಲೆ ಕುಳಿತು, ಔಷಧಿ ಚೀಟಿ ಹಿಡಿದು ಓಡಾಡುವ ಬಂಧುಗಳು ಇನ್ನೊಂದು ಬಗೆ. ಇಂದು ನಾನು ಹೆಚ್ಚಾಗಿ ಮಾತನಾಡಬೇಕೆಂದಿರುವುದು ಹೊರಗೆ ಕುಳಿತವರ ಜೊತೆ.

ತಂದೆಗೆ ಎದೆನೋವು ಬಂದಿದೆ, ಅಥವಾ ತಾಯಿಯ ಕಾಲಿನ ಗಾಯ ಸಕ್ಕರೆ ಕಾಯಿಲೆಯಿಂದ ಮಾಯುತ್ತಿಲ್ಲ. ತಾವು ಕೆಲಸಕ್ಕೆ ರಜೆ ಹಾಕಿ ಬಂದಿದ್ದೀರಿ. ತಮಗೆ ಮೂವತ್ತೈದೋ ನಲವತ್ತೈದೋ ವಯಸ್ಸು. ‘ನನಗೇನೂ ಕಾಯಿಲೆ ಇಲ್ಲ’ ಎಂಬ ಧೈರ್ಯವೂ ಇದೆ. ಆದರೆ ಮದುವೆಯಲ್ಲಿ ಹೊಲಿಸಿದ ಪ್ಯಾಂಟು ಈಗ ಹಿಡಿಸುತ್ತದೆಯೆ? ಒಂದು ಮಹಡಿ ಹತ್ತಿದರೆ ಏದುಸಿರು ಬರುತ್ತದೆಯೆ? ರಾತ್ರಿ ಗೊರಕೆ ಜೋರಾಗಿದೆ ಎಂದು ಮನೆಯವರು ಹೇಳುತ್ತಾರೆಯೆ? ಹೌದಾದರೆ ಒಳಗೆ ಮಲಗಿರುವವರು ಹತ್ತಿಪ್ಪತ್ತು ವರ್ಷಗಳ ಹಿಂದೆ ಇದ್ದ ಜಾಗದಲ್ಲೇ ಇಂದು ತಾವು ಇದ್ದೀರಿ.

ಕೆಲಸದಲ್ಲಿರುವ ಅನೇಕರ ಬಳಿ ಆರೋಗ್ಯ ವಿಮೆಯ ಕಾರ್ಡು ಇರುತ್ತದೆ. ಅದನ್ನು ಹೊರಗೆ ತೆಗೆಯುವುದು ಮಾತ್ರ ಆಸ್ಪತ್ರೆಗೆ ದಾಖಲಾಗುವ ದಿನ. ಆ ಕಾರ್ಡನ್ನು ಅದಕ್ಕಿಂತ ಮೊದಲೇ ಬಳಸಿಕೊಳ್ಳಬೇಕು ಎಂಬುದೇ ಇಂದಿನ ಮಾತಿನ ತಿರುಳು.

ತೂಕ ಎಷ್ಟಿರಬೇಕು?

ವೈದ್ಯರು ಬಿ.ಎಂ.ಐ. ಎಂಬ ಒಂದು ಲೆಕ್ಕ ಹಾಕುತ್ತಾರೆ. ತೂಕವನ್ನು ಕಿಲೋಗ್ರಾಂನಲ್ಲಿ ಬರೆದುಕೊಂಡು, ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಬೇಕು. ಭಾರತೀಯರಿಗೆ ಈ ಸಂಖ್ಯೆ 23ಕ್ಕಿಂತ ಕಡಿಮೆ ಇರುವುದು ಒಳ್ಳೆಯದು. 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಮಧುಮೇಹ ಬರುವುದರಿಂದ ಪಾಶ್ಚಾತ್ಯರಿಗಿಂತ ಈ ಮಿತಿಯನ್ನು ಕೆಳಗೆ ಇಡಲಾಗಿದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಮನೆಯಲ್ಲಿ ಹೊಲಿಗೆಯ ಟೇಪು ಇದ್ದರೆ ಸಾಕು, ಅಳೆದುಕೊಳ್ಳಬಹುದು.

ಉದಾಹರಣೆಗೆ, 165 ಸೆಂ.ಮೀ. ಎತ್ತರದ ಒಬ್ಬ ನೌಕರರನ್ನು ತೆಗೆದುಕೊಳ್ಳೋಣ. ಇವರ ತೂಕ 63 ಕೆ.ಜಿ.ಯೊಳಗೆ ಇದ್ದರೆ ಒಳ್ಳೆಯದು. 76 ಕೆ.ಜಿ. ಇದ್ದರೆ ಬಿ.ಎಂ.ಐ. ಸುಮಾರು 28, ಅಂದರೆ ಬೊಜ್ಜು. ಇವರು ಒಂದೇ ಸಲಕ್ಕೆ 13 ಕೆ.ಜಿ. ಇಳಿಸಬೇಕಾಗಿಲ್ಲ. ಮೊದಲು ನಾಲ್ಕೈದು ಕೆ.ಜಿ. ಇಳಿಸಿದರೂ ರಕ್ತದೊತ್ತಡ, ಸಕ್ಕರೆ, ಮಂಡಿನೋವು ಹತೋಟಿಗೆ ಬರಲು ಸಹಾಯವಾಗುತ್ತದೆ. ಮಧುಮೇಹದ ಅಂಚಿನಲ್ಲಿದ್ದವರಿಗೆ ಆಹಾರ ಮತ್ತು ನಡಿಗೆಯ ಕ್ರಮ ಹೇಳಿಕೊಟ್ಟು ನಮ್ಮ ದೇಶದಲ್ಲೇ ಒಂದು ಅಧ್ಯಯನ ನಡೆಯಿತು. 2006ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕ್ರಮ ಪಾಲಿಸಿದ ಗುಂಪಿನಲ್ಲಿ ಮಧುಮೇಹ ಬರುವ ಸಂಭವ ಶೇ. 28.5ರಷ್ಟು ಕಡಿಮೆಯಾಗಿತ್ತು.

ವಿಮೆ ಎಲ್ಲಿ ನೆರವಾಗುತ್ತದೆ, ಎಲ್ಲಿ ಆಗುವುದಿಲ್ಲ?

‘ವಿಮೆ ಇದೆಯಲ್ಲ, ಬೊಜ್ಜಿಗೂ ಆಪರೇಷನ್ ಮಾಡಿಸಿದರಾಯಿತು’ ಎಂದು ಕೆಲವರು ಹೇಳುವುದುಂಟು. ಅದು ಅಷ್ಟು ಸುಲಭವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ನಿಗದಿಪಡಿಸಿದ ಷರತ್ತಿನಂತೆ, ಬಿ.ಎಂ.ಐ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಶಸ್ತ್ರಚಿಕಿತ್ಸೆಯ ವೆಚ್ಚ ಕೇಳಬಹುದು. ಹೃದ್ರೋಗ, ಹತೋಟಿಗೆ ಬಾರದ ಮಧುಮೇಹ, ನಿದ್ರೆಯಲ್ಲಿ ಉಸಿರು ನಿಲ್ಲುವ ತೀವ್ರ ತೊಂದರೆಯಂಥವು ಜೊತೆಗಿದ್ದು, ಇತರ ವಿಧಾನಗಳಿಂದ ತೂಕ ಇಳಿಯದಿದ್ದರೆ 35 ಇದ್ದರೂ ಕೇಳಬಹುದು. ವಯಸ್ಸು 18 ತುಂಬಿರಬೇಕು, ವೈದ್ಯರ ಸಲಹೆಯೂ ಬೇಕು.

ನಮ್ಮ ಉದಾಹರಣೆಯ ನೌಕರರಿಗೆ ಇದನ್ನು ಅನ್ವಯಿಸಿ ನೋಡಿ. ಅವರ ತೂಕ 63 ಕೆ.ಜಿ. ದಾಟಿದಾಗಲೇ ಅಪಾಯ ಶುರುವಾಯಿತು. ಆದರೆ ಶಸ್ತ್ರಚಿಕಿತ್ಸೆಗೆ ವಿಮೆಯ ಬಾಗಿಲು ತೆರೆಯುವುದು 95 ಅಥವಾ 109 ಕೆ.ಜಿ. ಆದ ಮೇಲೆ. ನಡುವಿನ ಮೂವತ್ತಕ್ಕೂ ಹೆಚ್ಚು ಕೆ.ಜಿ. ದಾರಿಯಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ, ರಕ್ತದೊತ್ತಡ ಏರುತ್ತದೆ, ಹೃದಯ ಸೋಲುತ್ತದೆ. ಆ ದಾರಿಯಲ್ಲಿ ನೆರವಾಗುವುದು ತಪಾಸಣೆ, ಸಲಹೆ ಮತ್ತು ಕೆಲಸದ ಜಾಗದ ವ್ಯವಸ್ಥೆ. 2025ರಿಂದ ನಮ್ಮ ದೇಶದಲ್ಲಿ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಬಂದಿವೆ. ಅವು ಹೊರರೋಗಿಯಾಗಿ ಪಡೆಯುವ ಔಷಧಿಗಳಾದ್ದರಿಂದ ಬಹುತೇಕ ಗುಂಪು ವಿಮೆಗಳಲ್ಲಿ ಹಣ ಸಿಗುವುದಿಲ್ಲ. ವೈದ್ಯರ ಚೀಟಿಯಿಲ್ಲದೆ ಅವನ್ನು ಮುಟ್ಟಲೂಬಾರದು.

ಇ.ಎಸ್.ಐ. ಇರುವವರಿಗೆ

ಹತ್ತು ಅಥವಾ ಹೆಚ್ಚು ನೌಕರರಿರುವ ಕಾರ್ಖಾನೆ, ಅಂಗಡಿ, ಸಂಸ್ಥೆಗಳಲ್ಲಿ ದುಡಿಯುವ ಅನೇಕರಿಗೆ ಇ.ಎಸ್.ಐ. ಇರುತ್ತದೆ. 2017ರ ಜನವರಿಯಲ್ಲಿ ಇದರ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈನಲ್ಲಿ ನೌಕರರ ವಂತಿಗೆಯನ್ನು ಶೇ. 0.75ಕ್ಕೆ, ಮಾಲೀಕರ ವಂತಿಗೆಯನ್ನು ಶೇ. 3.25ಕ್ಕೆ ಇಳಿಸಲಾಯಿತು. 16,000 ರೂಪಾಯಿ ಸಂಬಳವಿದ್ದರೆ ಈ ದರದಲ್ಲಿ ತಮ್ಮಿಂದ 120 ರೂಪಾಯಿ, ಮಾಲೀಕರಿಂದ 520 ರೂಪಾಯಿ, ಒಟ್ಟು 640 ರೂಪಾಯಿ ತಿಂಗಳು ತಿಂಗಳೂ ತಮ್ಮ ಹೆಸರಿನಲ್ಲಿ ಹೋಗುತ್ತದೆ.

ಇ.ಎಸ್.ಐ.ನ ದೊಡ್ಡ ಅನುಕೂಲವೆಂದರೆ ದಾಖಲಾಗದೆಯೂ ಚಿಕಿತ್ಸೆ ಸಿಗುತ್ತದೆ. ಇ.ಎಸ್.ಐ. ಚಿಕಿತ್ಸಾಲಯಕ್ಕೆ ಹೋಗಿ ತೂಕ, ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಬಹುದು, ಮಾತ್ರೆ ಪಡೆಯಬಹುದು. ಹೆಸರು ನೋಂದಾಯಿಸಿದ್ದರೆ ಕುಟುಂಬದವರಿಗೂ ಈ ಸೌಲಭ್ಯವಿದೆ. ‘ಅಲ್ಲಿ ಸರದಿ ನಿಲ್ಲಬೇಕು’ ಎಂದು ಹೋಗದೆ ಇರುವವರು ಬಹಳ. ಆದರೆ ಕಾಯಿಲೆ ಬಲಿತು ರಜೆಯ ಮೇಲೆ ಮಲಗಿದರೆ, ಷರತ್ತು ಪೂರೈಸಿದವರಿಗೆ ಸಂಬಳದ ಶೇ. 70ರಷ್ಟು ಮಾತ್ರ, ಅದೂ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಉಳಿದ ಹೊರೆ ಮನೆಯ ಮೇಲೆ ಬೀಳುತ್ತದೆ. ಅರ್ಧ ದಿನದ ಸರದಿಗೂ ಮೂರು ತಿಂಗಳ ರಜೆಗೂ ಇರುವ ವ್ಯತ್ಯಾಸವನ್ನು ತಾವೇ ತೂಗಿ ನೋಡಿ.

ಕಂಪನಿಯ ಗುಂಪು ವಿಮೆ ಇರುವವರಿಗೆ

ಸಂಬಳ ಹೆಚ್ಚಿರುವವರಿಗೆ ಕಂಪನಿಯವರು ಗುಂಪು ಆರೋಗ್ಯ ವಿಮೆ ಮಾಡಿಸಿರುತ್ತಾರೆ. ಇದರಲ್ಲಿ ಮುಖ್ಯವಾಗಿ ದಾಖಲಾದ ಮೇಲಿನ ಖರ್ಚು ಸಿಗುತ್ತದೆ. ಆದರೆ ಕೆಲವು ಪಾಲಿಸಿಗಳಲ್ಲಿ ವರ್ಷಕ್ಕೊಮ್ಮೆ ಉಚಿತ ತಪಾಸಣೆ, ವೈದ್ಯರ ಅಥವಾ ಆಹಾರ ತಜ್ಞರ ಸಲಹೆ ಸೇರಿರುತ್ತದೆ. ಯೋಗ ಕೇಂದ್ರ, ವ್ಯಾಯಾಮ ಶಾಲೆಗಳಿಗೆ ರಿಯಾಯಿತಿ, ನಡೆದ ಹೆಜ್ಜೆಗಳಿಗೆ ಅಂಕ ಮುಂತಾದ ಪ್ರೋತ್ಸಾಹ ಕೊಡಲು ವಿಮಾ ಕಂಪನಿಗಳಿಗೆ 2020ರ ಮಾರ್ಗಸೂಚಿಯಲ್ಲಿ ಅವಕಾಶ ಕೊಡಲಾಯಿತು. ಕೇಳದೆ ಇದ್ದರೆ ಇದು ಗೊತ್ತಾಗುವುದೇ ಇಲ್ಲ. ಪಾಲಿಸಿಯ ಪುಸ್ತಕವನ್ನು ಯಾರೂ ಓದುವುದಿಲ್ಲ!

‘ತಪಾಸಣೆ ಮಾಡಿಸಿದರೆ ನನ್ನ ತೂಕ, ಸಕ್ಕರೆ ಕಂಪನಿಗೆ ತಿಳಿದು ಕೆಲಸಕ್ಕೆ ತೊಂದರೆಯಾಗುತ್ತದೆಯೆ?’ ಎಂದು ಕೆಲವರು ಹೆದರುತ್ತಾರೆ. ಗುಂಪು ವಿಮೆಯ ಪ್ರೀಮಿಯಂ ಸಾಮಾನ್ಯವಾಗಿ ಇಡೀ ಗುಂಪಿನ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಒಬ್ಬರ ತೂಕ ನೋಡಿ ಅಲ್ಲ. ಆದರೂ ವರದಿ ಯಾರ ಕೈಗೆ ಹೋಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಅಳುಕಿದ್ದರೆ ಬೇರೆ ಕಡೆ ತಪಾಸಣೆ ಮಾಡಿಸಿ. ಮಾಡಿಸದೆ ಮಾತ್ರ ಇರಬೇಡಿ.

ಇನ್ನೊಂದು ಮಾತನ್ನು ನೆನಪಿಡಬೇಕು. ಕೆಲಸ ಬಿಟ್ಟರೆ ಗುಂಪು ವಿಮೆಯೂ ಬಿಟ್ಟುಹೋಗುತ್ತದೆ. ಐವತ್ತರ ವಯಸ್ಸಿನಲ್ಲಿ ಬೊಜ್ಜು, ಮಧುಮೇಹ ಹೊತ್ತುಕೊಂಡು ಹೊಸದಾಗಿ ಸ್ವಂತ ಪಾಲಿಸಿ ಕೊಳ್ಳಲು ಹೋದರೆ ಪ್ರೀಮಿಯಂ ಹೆಚ್ಚು. ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೂ ಕಾಯಬೇಕಾಗಬಹುದು. ಕಾಯಿಲೆ ಮುಚ್ಚಿಟ್ಟರೆ ಮುಂದೆ ಕ್ಲೈಮ್ ತಿರಸ್ಕಾರವಾಗುವ ಅಪಾಯವೂ ಇದೆ. ಆದ್ದರಿಂದ ಕೆಲಸ ಬಿಡುವ ಮೊದಲೇ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದೆ ಎಂದು ವಿಚಾರಿಸಿ. ಇಂದು ಇಳಿಸಿದ ನಾಲ್ಕು ಕೆ.ಜಿ. ಆ ದಿನವೂ ನೆರವಿಗೆ ಬರುತ್ತದೆ.

ಕೆಲಸದ ಜಾಗದಲ್ಲಿ

ವಿಮೆ ತೂಕ ಅಳೆಯಲು ನೆರವಾಗಬಹುದು. ಇಳಿಸುವುದು ನಮ್ಮ ಕೈಯಲ್ಲಿದೆ, ಸ್ವಲ್ಪ ಮಟ್ಟಿಗೆ ಮಾಲೀಕರ ಕೈಯಲ್ಲಿದೆ. ದಿನಕ್ಕೆ ಐದು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 50 ಗ್ರಾಂ. ಕೆಲಸದ 26 ದಿನಗಳಿಗೆ ಒಂದು ಕಿಲೋ ಮುನ್ನೂರು ಗ್ರಾಂ ಸಕ್ಕರೆ! ಜೊತೆಗೆ ಬೋಂಡಾ, ಮಿರ್ಚಿ, ಬಿಸ್ಕತ್ತು ಬೇರೆ. ಸಕ್ಕರೆ ಹಾಕದ ಚಹಾ ಪ್ರತ್ಯೇಕವಾಗಿ ಇಡಿ ಎಂದು ಕ್ಯಾಂಟೀನಿನವರನ್ನು ನಾಲ್ಕು ಜನ ಸೇರಿ ಕೇಳಿದರೆ ಇಡುತ್ತಾರೆ. ಬೋಂಡಾದ ಬದಲು ಮೊಳಕೆ ಕಾಳಿನ ಉಸಲಿ, ಕೋಸಂಬರಿ, ಮಜ್ಜಿಗೆ ಕೇಳಬಹುದು. ಮನೆಯ ಡಬ್ಬಿಯಲ್ಲಿ ಅನ್ನ ಕಡಿಮೆ ಮಾಡಿ ಪಲ್ಯ, ಕಾಳು, ಸೊಪ್ಪು ಹೆಚ್ಚಿಸಿ. ರೊಟ್ಟಿ, ಮುದ್ದೆ ಒಳ್ಳೆಯದೆಂದು ಲೆಕ್ಕವಿಲ್ಲದೆ ತಿನ್ನಬಾರದು.

ಒಂದು ನಿಲ್ದಾಣ ಮೊದಲೇ ಬಸ್ಸಿನಿಂದ ಇಳಿದು ನಡೆಯಿರಿ. ಊಟವಾದ ಮೇಲೆ ಹತ್ತು ನಿಮಿಷ ಅಡ್ಡಾಡಿ. ಒಟ್ಟಾರೆ ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಆಗಬೇಕು. ರಾತ್ರಿ ಪಾಳಿಯವರು ಹಗಲಿನ ನಿದ್ರೆಯನ್ನು ಕಡಿಮೆ ಮಾಡಬಾರದು. ನಿದ್ರೆಗೆಟ್ಟರೆ ಹಸಿವು ಹೆಚ್ಚುತ್ತದೆ. ಗೊರಕೆಯ ಜೊತೆ ಹಗಲು ತೂಕಡಿಕೆ ಇರುವ ಚಾಲಕರು, ಯಂತ್ರದ ಮುಂದೆ ದುಡಿಯುವವರು ಕೂಡಲೇ ವೈದ್ಯರನ್ನು ಕಾಣಬೇಕು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತೂಕ ಇಳಿಸಲೆಂದು ಉಪವಾಸ ಮಾಡಬಾರದು. ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯ.

ಕೆಲಸಕ್ಕೆ ಮರಳಿದ ದಿನ ಕೇಳಬೇಕಾದ ಪ್ರಶ್ನೆಗಳು

1. ನನಗೆ ಇರುವುದು ಇ.ಎಸ್.ಐ.ಯೆ, ಗುಂಪು ವಿಮೆಯೆ? ಮನೆಯವರ ಹೆಸರು ಅದರಲ್ಲಿ ಸೇರಿದೆಯೆ?

2. ವರ್ಷಕ್ಕೊಮ್ಮೆ ಉಚಿತ ತಪಾಸಣೆ ಇದೆಯೆ? (2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ, 40 ದಾಟಿದ ಕಾರ್ಮಿಕರಿಗೆ ಮಾಲೀಕರು ವರ್ಷಕ್ಕೊಮ್ಮೆ ಉಚಿತ ತಪಾಸಣೆ ಮಾಡಿಸಬೇಕೆಂಬ ನಿಯಮವಿದೆ.)

3. ಆಹಾರ ತಜ್ಞರ ಸಲಹೆ, ಯೋಗ ತರಬೇತಿ ಪಾಲಿಸಿಯಲ್ಲಿ ಸೇರಿದೆಯೆ?

4. ತಪಾಸಣೆಯ ವರದಿ ಯಾರ ಬಳಿ ಇರುತ್ತದೆ?

5. ಕೆಲಸ ಬಿಟ್ಟರೆ ಅಥವಾ ನಿವೃತ್ತನಾದರೆ ವಿಮೆ ಮುಂದುವರಿಸುವ ದಾರಿ ಏನು?

ಬಂಧುಗಳೆ, ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಒಳಗೆ ಮಲಗಿರುವ ತಂದೆತಾಯಿಗೆ ಅವರ ದುಡಿಮೆಯ ಕಾಲದಲ್ಲಿ ಇದನ್ನು ಹೇಳಿಕೊಡುವವರು, ಅಳೆದು ತೋರಿಸುವವರು ಇರಲಿಲ್ಲ. ತಮಗೆ ಆ ಅನುಕೂಲವಿದೆ. ಇಂದು ಅವರ ಔಷಧಿ ತರಲು ಹೋದಾಗ, ಹೊರರೋಗಿ ವಿಭಾಗದ ತೂಕದ ಯಂತ್ರದ ಮೇಲೆ ತಾವೂ ಒಮ್ಮೆ ನಿಲ್ಲಿ. ಬಂದ ಸಂಖ್ಯೆಯನ್ನು ಈ ಪುಸ್ತಿಕೆಯ ಹಿಂದೆ ಬರೆದಿಟ್ಟುಕೊಳ್ಳಿ. ಮುಂದೆ ಈ ಆಸ್ಪತ್ರೆಗೆ ತಾವು ಬರುವುದಾದರೆ ಇನ್ನೊಬ್ಬರ ಕೈ ಹಿಡಿದುಕೊಂಡು ಬರುವಂತಾಗಲಿ, ಇನ್ನೊಬ್ಬರು ತಮ್ಮನ್ನು ಹೊತ್ತುಕೊಂಡು ಬರುವಂತಾಗದಿರಲಿ.

ಎಲ್ಲರಿಗೂ ಆಯುರಾರೋಗ್ಯ ದೊರೆಯಲಿ.