ಏಕವಚನದ ಗೆಳೆಯರು

ಮುಪ್ಪು ಹೇಳದೆ ಕೇಳದೆ ಬರುತ್ತದೆ ಎಂದು ಬಲ್ಲವರ ಮಾತು. ನನ್ನ ವಿಷಯದಲ್ಲಿ ಅದು ಹೇಳಿಯೇ ಬಂದಿತು. ಹೇಳಿದಾತ ಬಸ್ಸಿನ ಕಂಡಕ್ಟರು. ಎಷ್ಟೋ ವರ್ಷ “ಸ್ವಲ್ಪ ಒಳಗೆ ಹೋಗಿ ಸಾರ್” ಎಂದು ಗದರಿಸುತ್ತಿದ್ದವನು ಒಂದು ದಿನ, “ಯಾರಾದರೂ ಎದ್ದು ಯಜಮಾನರಿಗೆ ಜಾಗ ಕೊಡೀಪ್ಪಾ” ಎಂದುಬಿಟ್ಟ. ಎದ್ದು ನಿಂತಾಕೆ ನನ್ನ ಹಳೆಯ ವಿದ್ಯಾರ್ಥಿನಿ. ಆಕೆಯ ಬೈತಲೆಯಲ್ಲಿಯೂ ನರೆ ಇಣುಕಿತ್ತು. ಯಾರು ಯಾರಿಗೆ ಜಾಗ ಬಿಡಬೇಕೆಂಬ ಉಪಚಾರ ಮುಗಿಯುವುದರೊಳಗೆ ನಾನು ಇಳಿಯಬೇಕಾದ ನಿಲ್ದಾಣವೇ ಬಂದಿತು.

ಅಂದು ಸಂಜೆ ಈ ಪ್ರಸಂಗವನ್ನು ನಮ್ಮ ಗೋಷ್ಠಿಯಲ್ಲಿ ನಿವೇದಿಸಿದೆ. ಗೋಷ್ಠಿಯೆಂದರೆ ದೊಡ್ಡದೇನಲ್ಲ: ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯ ಒಂದು ಬೆಂಚು, ಅದರ ಮೇಲೆ ಒತ್ತಿಕೊಂಡು ಕುಳಿತ ಐವರು. ಒಬ್ಬ ಗಣಿತದ ಮೇಷ್ಟರು, ಒಬ್ಬ ವಕೀಲ, ಬ್ಯಾಂಕಿನಲ್ಲಿ ದುಡಿದವನೊಬ್ಬ, ಔಷಧದ ಅಂಗಡಿಯವನೊಬ್ಬ, ಕನ್ನಡದವನಾದ ನಾನು. ಎಲ್ಲರೂ ಕಾಲೇಜಿನ ದಿನಗಳ ಸಹಪಾಠಿಗಳು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ ಅದು. ಅದರ ಮುಂದೆ ಕುಳಿತರೆ ನಾವಿನ್ನೂ ಎಳೆಯರೆಂಬ ಭಾವನೆ ಬರುತ್ತದೆ.

ಕಂಡಕ್ಟರಿನ ಮಾತಿನಿಂದ ಚರ್ಚೆ ಮುಪ್ಪಿನ ಮಾತುಗಳ ಕಡೆಗೆ ಹರಿಯಿತು. ನಮ್ಮ ಹಿರಿಯರು ಕನ್ನಡಕವನ್ನು ‘ಚಾಳೀಸು’ ಎನ್ನುತ್ತಿದ್ದರು. ಉತ್ತರದ ಭಾಷೆಗಳಲ್ಲಿ ನಲವತ್ತನ್ನು ಹೇಳುವ ಮಾತು ಅದು. ನಲವತ್ತಕ್ಕೆ ಹತ್ತಿರದ ಅಕ್ಷರ ಮಸುಕಾಗುವುದರಿಂದ ವಯಸ್ಸೇ ಉಪಕರಣದ ಹೆಸರಾಯಿತು. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯಂತೂ ಸರಿಯೇ ಸರಿ. ಬೇಂದ್ರೆಯವರು ಅರವತ್ತರ ಆಸುಪಾಸಿನಲ್ಲಿ ತಮ್ಮ ಕವನ ಸಂಕಲನಕ್ಕೆ ಅದೇ ಹೆಸರಿಟ್ಟು, ಮರಳಿ ಅರಳುವುದೆಂಬ ಅರ್ಥವನ್ನೂ ಹೊಳೆಯಿಸಿದರು. 1958ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಇದನ್ನು ನಾನು ತರಗತಿಯ ಗತ್ತಿನಲ್ಲಿ ವಿವರಿಸುತ್ತಿದ್ದಾಗ ವಕೀಲ ತಡೆದ: “ಬೇಂದ್ರೆ ಅರಳಿದರು ಕಣೋ. ನೀನು ನಿನ್ನೆ ಚಾಳೀಸನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದೆಯಂತೆ. ನಿನ್ನದು ಬರೀ ಮರಳು.”

ನಾವೈವರೂ 1960ರ ಶಾರ್ವರಿ ಸಂವತ್ಸರದಲ್ಲಿ ಹುಟ್ಟಿದವರು. ಅರವತ್ತು ಸಂವತ್ಸರಗಳ ಚಕ್ರ ಒಂದು ಸುತ್ತು ಮುಗಿಸಿ ಅದೇ ಶಾರ್ವರಿ ಮರಳಿ ಬಂದದ್ದು 2020ರ ಮಾರ್ಚ್ 25ರ ಯುಗಾದಿಯಂದು. ಕೊರೊನಾದ ಕಾರಣ ದೇಶವೆಲ್ಲ ಬಾಗಿಲು ಹಾಕಿಕೊಂಡದ್ದೂ ಅಂದೇ! ನನ್ನ ಷಷ್ಟ್ಯಬ್ದಿಯೂ ನಿವೃತ್ತಿಯೂ ಹಾರತುರಾಯಿಗಳ ಹಂಗಿಲ್ಲದೆ ಕಳೆದುಹೋದವು. “ಶಾರ್ವರಿ ಎಂದರೆ ರಾತ್ರಿ ಎಂದು ಪಾಠ ಹೇಳಿದವನು ನೀನೇ ತಾನೆ? ಇನ್ನೇನು, ಹೊದ್ದು ಮಲಗು” ಎಂದು ಗಣಿತದ ಗೆಳೆಯ ಫೋನಿನಲ್ಲಿಯೇ ಆಶೀರ್ವದಿಸಿದ.

ಅವನಿಗೆ ಎಲ್ಲವೂ ಲೆಕ್ಕ. ಒಮ್ಮೆ ಸಹಸ್ರಚಂದ್ರ ದರ್ಶನದ ಮಾತು ಬಂದಿತು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ; ಸಾವಿರ ಹುಣ್ಣಿಮೆಗಳಾಗಲು 80 ವರ್ಷ, ಮೇಲೆ ಹತ್ತಿರ ಹತ್ತಿರ 10 ತಿಂಗಳು ಬೇಕು. ನಮಗೆಲ್ಲ ಇನ್ನೂ ಇನ್ನೂರು ಚಿಲ್ಲರೆ ಬಾಕಿ ಎಂದ. “ಬಾಕಿ ಎಂದರೆ ನನಗೆ ಭಯ” ಎಂದ ಬ್ಯಾಂಕಿನವನು. “ಮೋಡ ಕವಿದ ಹುಣ್ಣಿಮೆಗಳು ಲೆಕ್ಕಕ್ಕೆ ಸೇರುತ್ತವೆಯೋ?” ಎಂದು ಕೇಳಿದೆ. “ನೀನು ಕಾಣದಿದ್ದರೂ ಚಂದ್ರ ಬಂದಿರುತ್ತಾನೆ. ಸೇರುತ್ತವೆ” ಎಂದು ಅವನು ತೀರ್ಪು ಕೊಟ್ಟ.

ಆ ಗೆಳೆಯ ಎಂಟುನೂರರ ಸುಮಾರಿಗೆ ಲೆಕ್ಕ ನಿಲ್ಲಿಸಿ ಹೊರಟುಹೋದ.

ಅವನು ಹೋದ ಮೇಲೆ ನನಗೊಂದು ಸಂಗತಿ ಹೊಳೆಯಿತು. ತಾಯಿತಂದೆಗಳು ತೀರಿದ ಮೇಲೆ ನನ್ನನ್ನು ‘ನೀನು’ ಎನ್ನುವವರು ಜಗತ್ತಿನಲ್ಲಿ ಈ ನಾಲ್ವರೇ ಉಳಿದಿದ್ದರು; ಈಗ ಮೂವರು. ಹೆಂಡತಿ, ಮಕ್ಕಳು, ಶಿಷ್ಯರು, ತರಕಾರಿಯವನು ಎಲ್ಲರಿಗೂ ನಾನು ‘ನೀವು’. ಮೊಮ್ಮಗನೊಬ್ಬ ‘ತಾತ, ನೀನು’ ಎನ್ನುತ್ತಾನೆ. ಅವನಿಗೂ ಅವನ ತಾಯಿ ಬಹುವಚನ ಕಲಿಸುತ್ತಿದ್ದಾಳೆ. ಒಬ್ಬನನ್ನೇ ಹಲವರೆಂಬಂತೆ ಕರೆಯುವುದನ್ನು ವ್ಯಾಕರಣ ಗೌರವಾರ್ಥದ ಬಹುವಚನ ಎನ್ನುತ್ತದೆ. ಆ ಬಹುವಚನ ಹೆಚ್ಚಿದಷ್ಟೂ ಮನುಷ್ಯ ಒಂಟಿಯಾಗುತ್ತಾನೆಂಬ ಸೂತ್ರವನ್ನು ಯಾವ ವೈಯಾಕರಣನೂ ಬರೆದಂತಿಲ್ಲ.

ಬಸವಣ್ಣನವರೂ ಹರಿದಾಸರೂ ದೇವರನ್ನು ‘ನೀನು’ ಎಂದೇ ಕರೆದರು. ಅದು ಸಲುಗೆ, ಆತ್ಮೀಯತೆ ಎಂದು ಮೂರು ದಶಕ ಪಾಠ ಹೇಳಿದೆ. ವಿದ್ಯಾರ್ಥಿಗಳು ಬರೆದುಕೊಂಡರು, ನಾನೂ ಅಂಕ ಕೊಟ್ಟೆ. ಆ ಸರ್ವನಾಮದ ಬೆಲೆ ತಿಳಿದದ್ದು ಮಾತ್ರ ಬೆಂಚಿನ ಒಂದು ತುದಿ ಬರಿದಾದ ಮೇಲೆ. ನಮ್ಮ ಹರೆಯದ ಪೆದ್ದುತನಗಳನ್ನು ಕಣ್ಣಾರೆ ಕಂಡವರಿಗೆ ಮಾತ್ರ ನಮ್ಮನ್ನು ಹಾಗೆ ಕರೆಯುವ ಅಧಿಕಾರ. ಅಂಥವರನ್ನು ಅರವತ್ತರ ಮೇಲೆ ಹೊಸದಾಗಿ ಸಂಪಾದಿಸಲು ಬರುವುದಿಲ್ಲ.

ಕಳೆದ ಹುಣ್ಣಿಮೆಯ ಸಂಜೆ ನಾವು ನಾಲ್ವರೂ ಕೆರೆಯ ಬಳಿ ಕುಳಿತಿದ್ದೆವು. ಬೆಂಚಿನಲ್ಲಿ ಈಗ ಜಾಗ ಸಾಕಷ್ಟಿದೆ. ಆದರೂ ರೂಢಿಯಂತೆ ಒತ್ತಿಕೊಂಡೇ ಕೂರುತ್ತೇವೆ. ಮೋಡ ಕವಿದಿತ್ತು, ಚಂದ್ರ ಕಾಣಲಿಲ್ಲ. ಏಳುವ ಹೊತ್ತಿಗೆ ವಕೀಲ, “ಒಂದು ಬರೆದುಕೊಳ್ರೋ” ಎಂದ. ಎಲ್ಲರೂ ಬರೆದುಕೊಂಡೆವು. ಅವನ ಲೆಕ್ಕಕ್ಕೂ ಒಂದನ್ನು ಸೇರಿಸಿದೆವು.

(ಬಾನುಲಿ ಭಾಷಣ)