ಕಣ್ಣು ಮುಂದೆ, ಕೈ ಹಿಂದೆ

ಹಳೆಯ ಮೋಟಾರು ಕಾರುಗಳ ಪ್ರದರ್ಶನವೆಂದರೆ ಜನಕ್ಕೆ ಅದೇನೋ ಒಂದು ಆಕರ್ಷಣೆ. ಕಾರು ಇದ್ದವರೂ ಬರುತ್ತಾರೆ, ಇಲ್ಲದವರೂ ಬರುತ್ತಾರೆ. ಹಿತ್ತಾಳೆಯ ದೀಪ, ರಬ್ಬರು ಚೆಂಡಿನ ಹಾರನ್ನು, ಜಟಕಾ ಗಾಡಿಯನ್ನು ನೆನಪಿಗೆ ತರುವ ಮರದ ಕಡ್ಡಿಗಳ ಗಾಲಿ - ಇವನ್ನು ಕಂಡರೆ ಅಜ್ಜನಿಗೂ ಮೊಮ್ಮಗನಿಗೂ ಒಂದೇ ಸಂತೋಷ. ದೆಹಲಿಯಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆಯವರು ೧೯೬೪ರಲ್ಲಿ ಇಂಥ ಕಾರುಗಳ ಓಟವನ್ನೂ ಪ್ರದರ್ಶನವನ್ನೂ ಆರಂಭಿಸಿದರು. ಅಲ್ಲಿಂದೀಚೆಗೆ ನಮ್ಮ ದೇಶದ ಎಷ್ಟೋ ನಗರಗಳಿಗೆ ಈ ಹವ್ಯಾಸ ಹಬ್ಬಿದೆ.

ಈ ಪ್ರದರ್ಶನಗಳ ಒಂದು ವಿಶೇಷವನ್ನು ಗಮನಿಸಬೇಕು. ವಸ್ತುಸಂಗ್ರಹಾಲಯದಲ್ಲಿ ಅಮೂಲ್ಯವಾದ ವಸ್ತುವಿಗೂ ನಮಗೂ ನಡುವೆ ಗಾಜಿನ ಪೆಟ್ಟಿಗೆಯಿರುತ್ತದೆ, ಬಾಗಿಲಲ್ಲಿ ಕಾವಲುಗಾರನಿರುತ್ತಾನೆ. ಇಲ್ಲಿ ಗಾಜಿಲ್ಲ. ಹೆಚ್ಚೆಂದರೆ ಒಂದು ಹಗ್ಗ, ಹಲವು ವೇಳೆ ಅದೂ ಇಲ್ಲ. ಮಾಲೀಕನಾದವನು ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಗಾಡಿಯನ್ನು ಬಯಲಿಗೆ ತಂದು, ಗುರುತು ಪರಿಚಯವಿಲ್ಲದ ಸಾವಿರಾರು ಜನರ ನಡುವೆ ನಿಲ್ಲಿಸಿ, ‘ನೋಡಿ’ ಎನ್ನುತ್ತಾನೆ. ಜನರ ಮೇಲಿನ ಭರವಸೆಯೇ ಅದಕ್ಕೆ ಬೇಲಿ. ಆ ಭರವಸೆಗೆ ತಕ್ಕಂತೆ ನಾವು ನಡೆದುಕೊಳ್ಳುವುದು ಹೇಗೆ? ನೋಡಲು ಬಂದವರ ಕರ್ತವ್ಯವೇನು, ಬಹುಮಾನ ನಿರ್ಣಯಿಸಲು ಬಂದ ತೀರ್ಪುಗಾರರ ಕರ್ತವ್ಯವೇನು? ಈ ಎರಡು ವಿಷಯಗಳನ್ನು ಕುರಿತು ಈಗ ಕೆಲವು ಮಾತು.

ಮೊದಲು ಪ್ರೇಕ್ಷಕರು. ‘ಮುಟ್ಟಿದರೆ ಸವೆದುಹೋಗುತ್ತದೆಯೆ?’ ಎಂದು ಕೇಳುವವರುಂಟು. ಹೌದು, ಸವೆಯುತ್ತದೆ. ರಸ್ತೆಯ ಧೂಳಿನಲ್ಲಿ ನುಣ್ಣನೆಯ ಮರಳಿನ ಕಣಗಳಿರುತ್ತವೆ. ಅವು ಕಾರಿನ ಬಣ್ಣಕ್ಕಿಂತ ಗಟ್ಟಿ. ಧೂಳು ಕೂತ ಬಾನೆಟ್ಟಿನ ಮೇಲೆ ಅಕ್ಕರೆಯಿಂದ ಕೈಯಾಡಿಸಿದರೂ ಆ ಕಣಗಳು ಗೀಚಿಕೊಂಡೇ ಹೋಗುತ್ತವೆ. ಬೆರಳಿನ ಬೆವರಿನಲ್ಲಿ ಉಪ್ಪಿದೆ, ಜಿಡ್ಡಿದೆ. ತಿಕ್ಕಿ ಹೊಳಪಿಟ್ಟ ಹಿತ್ತಾಳೆಯ ಮೇಲೆ ಅದರ ಗುರುತು ಕಪ್ಪಾಗಿ ಉಳಿಯುತ್ತದೆ. ೧೯೨೦ರ ದಶಕಕ್ಕಿಂತ ಹಿಂದೆ ಕಾರಿನ ಬಣ್ಣವನ್ನು ಕುಂಚದಿಂದ ಪದರ ಪದರವಾಗಿ ಬಳಿಯುತ್ತಿದ್ದರು. ಒಂದು ಪದರ ಆರಿದ ಮೇಲೆ ಅದನ್ನು ಉಜ್ಜಿ, ಇನ್ನೊಂದು ಪದರ. ಒಂದು ಕಾರಿನ ಬಣ್ಣ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ನಾವು ಒರಗುವ ಬಾಗಿಲಿನ ಕಥೆಯೂ ಹಾಗೆಯೇ. ಆ ಕಾಲದ ಬಹಳಷ್ಟು ಗಾಡಿಗಳ ಮೈಯೊಳಗೆ ಇರುವುದು ಮರದ ಚೌಕಟ್ಟು. ತಗಡು ಅದರ ಮೇಲಿನ ಹೊದಿಕೆ. ತೆರೆದ ಬಾಗಿಲಿಗೆ ಜೋತುಬಿದ್ದರೆ ಹಳೆಯ ಮರದಲ್ಲಿ ತಿರುಪು ಸಡಿಲವಾಗುತ್ತದೆ, ಬಾಗಿಲು ಜೋಲುತ್ತದೆ. ಪಕ್ಕದ ಮೆಟ್ಟುಹಲಗೆ ಮೆಟ್ಟುವುದಕ್ಕೇ ಇರುವುದು ನಿಜ. ಆದರೆ ಐದು ಜನ ಅದರ ಮೇಲೆ ನಿಂತು ಪಟ ತೆಗೆಸಿಕೊಳ್ಳಲೆಂದು ಅದನ್ನು ಮಾಡಿದವರಲ್ಲ.

ಹಾಗಾದರೆ ನೋಡುವುದು ಹೇಗೆ? ಸುಲಭವಾದ ಸೂತ್ರವೊಂದಿದೆ: ಕಣ್ಣು ಮುಂದೆ, ಕೈ ಹಿಂದೆ. ಒಳಗೆ ಬಗ್ಗಿ ನೋಡುವಾಗ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡರೆ ಅರ್ಧ ಅನಾಹುತ ತಪ್ಪಿತು. ಉಳಿದರ್ಧಕ್ಕೆ ಕಾರಣ ನಾವಲ್ಲ, ನಾವು ಧರಿಸಿದ ವಸ್ತುಗಳು: ಹೆಗಲಿನ ಚೀಲ, ಸೊಂಟಪಟ್ಟಿಯ ಕೊಂಡಿ, ಛತ್ರಿಯ ತುದಿ, ಕೈಬಳೆ, ಉಂಗುರ, ಕೊರಳಲ್ಲಿ ತೂಗುವ ಕ್ಯಾಮೆರ. ಇವಕ್ಕೆ ಕಣ್ಣಿಲ್ಲವಾದ್ದರಿಂದ ಅವುಗಳ ಪರವಾಗಿ ನಾವೇ ನೋಡಬೇಕು. ಕಡಲೆಕಾಯಿ, ಐಸ್‌ಕ್ರೀಮು, ಕಾಫಿಯ ಲೋಟಗಳನ್ನು ಹೊರಗೇ ಮುಗಿಸಿ ಬರುವುದು ಒಳ್ಳೆಯದು. ಬಾನೆಟ್ಟು ಮೇಜಲ್ಲ. ಮೊಬೈಲಿನಲ್ಲಿ ಪಟ ತೆಗೆಯುವವರು, ತಮ್ಮ ಹಿಂದೆ ಇನ್ನೂ ಹತ್ತು ಜನ ಕಾದಿದ್ದಾರೆಂಬುದನ್ನು ನೆನೆದು, ತೆಗೆದೊಡನೆ ಪಕ್ಕಕ್ಕೆ ಸರಿಯಬೇಕು.

ನಮ್ಮ ಕ್ಷೇಮದ ಮಾತೂ ಇದರಲ್ಲಿದೆ. ಆಗತಾನೆ ಬಂದು ನಿಂತ ಕಾರಿನ ರೇಡಿಯೇಟರು ಕುದಿಯುತ್ತಿರುತ್ತದೆ. ಕೆಲವು ಗಾಡಿಗಳಲ್ಲಿ ಹೊಗೆಕೊಳವೆಗಳು ಮೈಯ ಹೊರಗೇ ಹೊಳೆಯುತ್ತಿರುತ್ತವೆ. ಅವು ಮಗುವಿನ ಕೈಗೆ ಸರಿಯಾಗಿ ಎಟುಕುವ ಎತ್ತರದಲ್ಲಿರುತ್ತವೆ. ಪೆಟ್ರೋಲಿನ ವಾಸನೆ ಇರುವೆಡೆ ಬೀಡಿ ಸಿಗರೇಟು ಕೂಡದೆಂದು ಬೇರೆ ಹೇಳಬೇಕಿಲ್ಲ. ಕೈಯಿಂದ ತಿರುಗಿಸಿ ಎಂಜಿನ್ ಹೊರಡಿಸುವ ಗಾಡಿಯಾದರೆ ಹಿಡಿಯ ಹತ್ತಿರ ಯಾರೂ ನಿಲ್ಲಬಾರದು. ಎಂಜಿನ್ ಹಿಮ್ಮೆಟ್ಟಿದರೆ ಆ ಹಿಡಿ ಮಣಿಕಟ್ಟನ್ನೇ ಮುರಿಯಬಲ್ಲದು. ೧೯೧೨ರ ಕ್ಯಾಡಿಲಾಕ್ ಕಾರುಗಳಲ್ಲಿ ವಿದ್ಯುತ್ತಿನಿಂದ ಹೊರಡುವ ವ್ಯವಸ್ಥೆ ಬಂದಾಗ ಜನ ಅದನ್ನು ಅಷ್ಟು ಆದರದಿಂದ ಬರಮಾಡಿಕೊಂಡದ್ದು ಸುಮ್ಮನೆ ಅಲ್ಲ.

ಇನ್ನು ಮಾತಿನ ಮರ್ಯಾದೆ. ನಮ್ಮಲ್ಲಿ ಹಳೆಯ ಕಾರನ್ನು ಕಂಡೊಡನೆ ಎರಡು ಪ್ರಶ್ನೆಗಳು ತಾವಾಗಿಯೇ ಹೊರಡುತ್ತವೆ: ‘ಎಷ್ಟಕ್ಕೆ ಕೊಡುತ್ತೀರಿ?’, ‘ಲೀಟರಿಗೆ ಎಷ್ಟು ಕೊಡುತ್ತದೆ?’ ಬೆಳಗಿನಿಂದ ನೂರು ಬಾರಿ ಈ ಪ್ರಶ್ನೆಗಳಿಗೆ ನಕ್ಕು ಉತ್ತರಿಸಿದ ಮಾಲೀಕನ ಪಾಡನ್ನು ಸ್ವಲ್ಪ ಯೋಚಿಸಿ. ‘ನಮ್ಮ ತಾತನ ಹತ್ತಿರ ಇದಕ್ಕಿಂತ ದೊಡ್ಡದಿತ್ತು’ ಎಂಬ ಮಾತಿಗೆ ಆತ ಏನು ತಾನೆ ಹೇಳಬಲ್ಲ? ಅದರ ಬದಲು, ‘ಈ ಗಾಡಿ ನಿಮಗೆ ಸಿಕ್ಕಾಗ ಯಾವ ಸ್ಥಿತಿಯಲ್ಲಿತ್ತು? ಇಲ್ಲದ ಭಾಗಗಳನ್ನು ಯಾರಿಂದ ಮಾಡಿಸಿದಿರಿ?’ ಎಂದು ಕೇಳಿ ನೋಡಿ. ಆತನ ಮುಖ ಅರಳುತ್ತದೆ. ಅಚ್ಚು ಹೊಯ್ದ ಎರಕದವನು, ಹೊಲಿಗೆಯವನು, ಬಡಗಿ - ಇವರೆಲ್ಲರ ಕಥೆ ಹೊರಗೆ ಬರುತ್ತದೆ. ಹಾಗೆ ಕೇಳಿದವನಿಗೆ ‘ಬನ್ನಿ, ಒಳಗೆ ಕುಳಿತು ನೋಡಿ’ ಎಂಬ ಆಹ್ವಾನ ಬಂದರೂ ಬಂದೀತು. ಬಂದರೆ, ಕಾಲಧೂಳು ಕೊಡವಿ, ಹಿಂದಿನ ಜೇಬಿನ ಬೀಗದಕೈ ತೆಗೆದಿಟ್ಟು, ಮೆಲ್ಲನೆ ಕೂಡಬೇಕು; ಇಳಿದ ಮೇಲೆ ಬಾಗಿಲು ಮುಚ್ಚುವ ಕೆಲಸವನ್ನು ಮಾಲೀಕನಿಗೇ ಬಿಡಬೇಕು. ಪರರ ಮನೆಯಲ್ಲಿ ವೀಣೆ ಕಂಡರೆ ಕೇಳದೆ ತಂತಿ ಮೀಟುವವರುಂಟೆ? ಇದೂ ಅಷ್ಟೆ.

ಈಗ ತೀರ್ಪುಗಾರರ ಕಡೆಗೆ ಬರೋಣ. ಕಾರುಗಳ ಚೆಲುವಿಗೆ ಬಹುಮಾನ ಕೊಡುವ ಪದ್ಧತಿ ಹಳೆಯದು. ಇಟಲಿಯ ಕೋಮೋ ಸರೋವರದ ದಡದಲ್ಲಿ ವಿಲ್ಲಾ ದೆಸ್ತೆಯ ಸ್ಪರ್ಧೆ ೧೯೨೯ರಲ್ಲಿ ಆರಂಭವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನದು ೧೯೫೦ರಲ್ಲಿ. ಗುಣಗಳನ್ನು ಅಂಕಗಳಲ್ಲಿ ಅಳೆಯುವ ಕ್ರಮವೂ ಬೆಳೆದಿದೆ. ೧೯೩೫ರಲ್ಲಿ ಸ್ಥಾಪನೆಯಾದ ಅಮೆರಿಕದ ಪುರಾತನ ಮೋಟಾರು ಸಂಘದವರು ೪೦೦ ಅಂಕಗಳಿಂದ ಮೊದಲುಮಾಡಿ, ಹೊರಮೈ, ಒಳಭಾಗ, ಎಂಜಿನ್, ಅಡಿಗಟ್ಟು ಎಂದು ನಾಲ್ಕು ಭಾಗಗಳಲ್ಲಿ ಪರೀಕ್ಷಿಸಿ, ಕಂಡ ಕೊರತೆಗಳಿಗೆ ಅಂಕ ಕಳೆಯುತ್ತಾರೆ.

ತೀರ್ಪುಗಾರನಿಗೆ ಎದೆಯ ಮೇಲೊಂದು ಬಿಲ್ಲೆಯಿರುತ್ತದೆ, ಕೈಯಲ್ಲಿ ಕಾಗದವಿರುತ್ತದೆ. ಅವನಿಗೆ ಮುಟ್ಟುವ ಅಧಿಕಾರವುಂಟೆಂದು ನಾವು ಭಾವಿಸುತ್ತೇವೆ. ನಿಜಸಂಗತಿ ಅದಕ್ಕೆ ವಿರುದ್ಧ. ಒಳ್ಳೆಯ ಪ್ರದರ್ಶನಗಳಲ್ಲಿ ಬಾಗಿಲು ತೆರೆಯುವವನು ಮಾಲೀಕ, ಬಾನೆಟ್ಟು ಎತ್ತುವವನು ಮಾಲೀಕ, ದೀಪ ಹಚ್ಚಿ, ಹಾರನ್ನು ಊದಿ, ಎಂಜಿನ್ ಹೊರಡಿಸಿ ತೋರಿಸುವವನೂ ಮಾಲೀಕನೇ. ತೀರ್ಪುಗಾರ ಕೇಳಿಕೊಳ್ಳುತ್ತಾನೆ, ನೋಡುತ್ತಾನೆ, ಬರೆದುಕೊಳ್ಳುತ್ತಾನೆ. ಸಾವಿರ ಜನ ಅವನ ಕೈಯನ್ನೇ ನೋಡುತ್ತಿರುತ್ತಾರೆ. ಅವನೇ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆಯಲು ತೊಡಗಿದರೆ ಹಗ್ಗದಾಚೆಯ ಹುಡುಗನಿಗೆ ಬುದ್ಧಿ ಹೇಳುವ ಬಾಯಿ ಯಾರಿಗಿದೆ?

ಮಿಕ್ಕ ನಿಯಮಗಳು ನ್ಯಾಯಸ್ಥಾನಕ್ಕೆ ಸಲ್ಲುವಂಥವೇ. ತನ್ನ ಬಂಧುವಿನ, ಸ್ನೇಹಿತನ, ತಾನು ಮಾರಿದ ಅಥವಾ ದುರಸ್ತಿ ಮಾಡಿದ ಕಾರು ಸಾಲಿಗೆ ಬಂದರೆ ಅದನ್ನು ಮೊದಲೇ ತಿಳಿಸಿ ಹಿಂದೆ ಸರಿಯಬೇಕು. ಮಹಾರಾಜರ ರೋಲ್ಸ್ ರಾಯ್ಸಿಗೆ ಹದಿನೈದು ನಿಮಿಷ, ಮೇಷ್ಟರ ಮನೆಯ ಪುಟ್ಟ ಆಸ್ಟಿನ್ನಿಗೆ ಮೂರು ನಿಮಿಷ ಎಂದಾಗಬಾರದು. ಎಲ್ಲಕ್ಕೂ ಸಮಾನ ಕಾಲ, ಸಮಾನ ಗಮನ. ಮಾಲೀಕನ ಕಿವಿಗೆ ಬೀಳುವಂತೆ ತಮ್ಮತಮ್ಮಲ್ಲಿ ಚರ್ಚಿಸಬಾರದು, ನಗಬಾರದು. ‘ಈ ದೀಪ ಈ ಕಾರಿನದಲ್ಲ’ ಎಂದು ತಟ್ಟನೆ ತೀರ್ಪು ಕೊಡುವ ಬದಲು, ‘ಈ ದೀಪದ ವಿಷಯ ಸ್ವಲ್ಪ ಹೇಳುವಿರಾ?’ ಎಂದು ಕೇಳಬೇಕು. ಮಾಲೀಕನ ಬಳಿ ಅದಕ್ಕೆ ಹಳೆಯ ಪಟವೋ ಪತ್ರವೋ ಇದ್ದೀತು.

ಮರ್ಯಾದೆಯ ಈ ಮಾತನ್ನು ಇಷ್ಟು ಬೆಳೆಸುವುದಕ್ಕೆ ಗಂಭೀರವಾದ ಕಾರಣವೊಂದಿದೆ. ತೀರ್ಪುಗಾರರ ಹಗುರ ಮಾತಿನಿಂದ ಆಗುವ ನಷ್ಟ ಪ್ರೇಕ್ಷಕರ ಹತ್ತು ಕೈಗಳಿಂದಲೂ ಆಗದು. ತೊಂಬತ್ತು ವರ್ಷದ ಕಾರೊಂದು ತನ್ನ ಹುಟ್ಟುಬಣ್ಣದಲ್ಲೇ ಬಂದು ನಿಂತಿದೆಯೆನ್ನಿ. ಬಣ್ಣ ಮಾಸಿದೆ, ಚರ್ಮದ ಆಸನ ಬಿರುಕುಬಿಟ್ಟಿದೆ. ತೀರ್ಪುಗಾರ ಹಾದುಹೋಗುತ್ತ, ‘ಮಂಕಾಗಿದೆಯಲ್ಲಾ’ ಎಂದುಬಿಡುತ್ತಾನೆ. ಬಹುಮಾನ ಪಕ್ಕದ ಥಳಥಳಿಸುವ ಗಾಡಿಗೆ ಹೋಗುತ್ತದೆ. ಮರುವರ್ಷ ಆ ಮಾಲೀಕನೂ ತನ್ನ ಕಾರನ್ನು ಕೆರೆಸಿ, ಹೊಸ ಬಣ್ಣ ಹೊಡೆಸಿ, ಆಸನಗಳನ್ನು ಕಿತ್ತು ಹೊಸತು ಹಾಕಿಸಿ ತರುತ್ತಾನೆ. ಕಾರು ಮಿಂಚುತ್ತದೆ, ಆದರೆ ಅದನ್ನು ಕಟ್ಟಿದ ಕೈಗಳ ಗುರುತು ಹೋಯಿತು. ಹಳೆಯ ಗುಡಿಯ ಶಾಸನದ ಮೇಲೆ ಜೀರ್ಣೋದ್ಧಾರದ ಹೆಸರಿನಲ್ಲಿ ಸುಣ್ಣ ಬಳಿದರೆ, ಸುಣ್ಣವನ್ನಾದರೂ ಕೆರೆದು ತೆಗೆಯಬಹುದು. ಕೆರೆದು ಹಾಕಿದ ಬಣ್ಣವನ್ನು ಮರಳಿ ತರುವ ವಿದ್ಯೆ ಯಾರಿಗೂ ತಿಳಿಯದು.

ಅನುಭವಿಗಳು ಇದನ್ನು ಅರಿತಿದ್ದಾರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ೧೯೬೬ರಲ್ಲಿ ಹುಟ್ಟಿತು. ಅದು ಅಂಗೀಕರಿಸಿದ ಟ್ಯೂರಿನ್ ಸನ್ನದಿನ ತಿರುಳೆಂದರೆ, ಕಾಪಾಡುವುದು ಮೊದಲು, ಹೊಸದಾಗಿ ಮಾಡುವುದು ಆಮೇಲೆ ಎಂಬುದು. ನಾನು ಮೊದಲು ಹೇಳಿದ ಅಮೆರಿಕದ ಸಂಘದ ನಿಯಮವೂ ಸೊಗಸಾಗಿದೆ. ಕಾರ್ಖಾನೆಯಿಂದ ಬಂದು ವ್ಯಾಪಾರಿಯ ಅಂಗಡಿಯಿಂದ ಹೊರಟ ದಿನ ಕಾರು ಹೇಗಿತ್ತೋ ಹಾಗಿದ್ದರೆ ಸಾಕು. ಅದಕ್ಕಿಂತ ಹೆಚ್ಚು ಹೊಳಪಿಗೆ ಹೆಚ್ಚು ಅಂಕವಿಲ್ಲ. ಹಲವು ಸ್ಪರ್ಧೆಗಳಲ್ಲಿ ಹುಟ್ಟುಬಣ್ಣ ಉಳಿಸಿಕೊಂಡ ಗಾಡಿಗಳಿಗೆ ಬೇರೆಯೇ ವಿಭಾಗವಿದೆ. ನಮ್ಮ ಸರ್ಕಾರವೂ ೨೦೨೧ರ ಜುಲೈಯಲ್ಲಿ ನಿಯಮಗಳನ್ನು ತಿದ್ದಿ, ೫೦ ವರ್ಷ ಮೀರಿದ, ಮೂಲರೂಪವನ್ನು ಉಳಿಸಿಕೊಂಡ ವಾಹನಗಳಿಗೆ ‘ವಿ.ಎ.’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತು. ಮೂಲರೂಪಕ್ಕೆ ಕಾನೂನಿನಲ್ಲೇ ಗೌರವ ದೊರೆತ ಮೇಲೆ ತೀರ್ಪುಗಾರರ ಮಾತಿನಲ್ಲಿ ಅದಕ್ಕೆ ಅಗೌರವ ಸಲ್ಲದು.

ಹಾಗಾದರೆ ತೀರ್ಪು ಕೊಡುವುದು ಅವರೊಬ್ಬರೇ ಏನು? ಹಾಗೇನೂ ಅಲ್ಲ. ವಿಲ್ಲಾ ದೆಸ್ತೆಯಲ್ಲಿ ಚಿನ್ನದ ಬಟ್ಟಲಿನ ಬಹುಮಾನವನ್ನು ನಿರ್ಣಯಿಸುವುದು ನೋಡಲು ಬಂದ ಜನರ ಮತ. ಮತದ ಚೀಟಿ ಇಲ್ಲದ ಊರಿನಲ್ಲೂ ಜನ ಯಾವ ಕಾರಿನ ಸುತ್ತ ನಿಲ್ಲುತ್ತಾರೆ, ಏನು ಮಾತನಾಡುತ್ತಾರೆ ಎಂಬುದನ್ನು ಮಾಲೀಕರು ಗಮನಿಸಿಯೇ ಇರುತ್ತಾರೆ. ಮಾಸಿದ ಕಾರಿನ ಮುಂದೆಯೂ ನಾವು ಎರಡು ನಿಮಿಷ ನಿಂತು, ‘ಹೀಗೆಯೇ ಉಳಿಸಿಕೊಂಡು ಬಂದಿದ್ದೀರಲ್ಲ, ಬಹಳ ಒಳ್ಳೆಯದಾಯಿತು’ ಎಂದರೆ ಆ ಹಳೆಯ ಬಣ್ಣಕ್ಕೆ ಇನ್ನಷ್ಟು ಆಯುಸ್ಸು ಕೊಟ್ಟಂತೆ.

ಧರ್ಮಸ್ಥಳದ ಮಂಜೂಷಾ ಸಂಗ್ರಹದಂಥ ಕಡೆ ಹಳೆಯ ಕಾರುಗಳನ್ನು ಮಾಡಿನ ಕೆಳಗೆ ಕಾಪಾಡಿಟ್ಟಿದ್ದಾರೆ. ಅಲ್ಲಿಗೆ ಹೋಗಿ ಮಕ್ಕಳಿಗೆ ತೋರಿಸುವುದು ಒಳ್ಳೆಯದು. ಆದರೆ ಎಂಜಿನ್ನಿನ ಸದ್ದು ಕೇಳಿಸುತ್ತ, ಹೊಗೆಯ ವಾಸನೆ ಬೀರುತ್ತ ಊರ ಬೀದಿಗೆ ತಾನೇ ನಡೆದುಬರುವ ಕಾರಿನ ಸೊಗಸೇ ಬೇರೆ. ಮಾಲೀಕನಿಗೆ ಒಮ್ಮೆ ಮನಸ್ಸು ಮುರಿದರೆ ಕಾರು ಮನೆಯಲ್ಲೇ ಉಳಿಯುತ್ತದೆ. ನಷ್ಟ ನಮ್ಮ ಮಕ್ಕಳಿಗೆ. ಆದ್ದರಿಂದ ಮುಂದಿನ ಸಲ ಪ್ರದರ್ಶನಕ್ಕೆ ಹೋಗುವಾಗ ಚಿಕ್ಕವರ ಕೈ ಹಿಡಿದುಕೊಳ್ಳಿ. ತೀರ ಚಿಕ್ಕವರಾದರೆ ಎತ್ತಿಕೊಂಡು ತೋರಿಸಿ. ದೀಪ ಯಾವುದು, ಹಾರನ್ನು ಯಾವುದು ಎಂದು ಹೇಳಿಕೊಡಿ. ಹಾರನ್ನಿನ ಚೆಂಡನ್ನು ಒತ್ತಬೇಕೆಂದು ಮಗು ಹಟ ಹಿಡಿದರೆ, ಮಾಲೀಕನನ್ನು ಕೇಳುವುದು ಹೇಗೆಂದು ಅದಕ್ಕೇ ಕಲಿಸಿ. ‘ಮಾಮ, ಒಂದು ಸಲ ಒತ್ತಲೆ?’ ಎಂದು ಕೇಳಿದ ಮಗುವಿಗೆ ಇಲ್ಲವೆನ್ನುವ ಮಾಲೀಕರು ಬಹಳ ಕಡಮೆ.