ಸತ್ತ ಮಂಗ ಮತ್ತು ಒಂದು ಫೋನ್ ಕರೆ



ನಾನು ಸಾಗರ ತಾಲೂಕಿನವನು. ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೀನಿ. ಕೆಲಸ ಡೇಟಾ ಎಂಜಿನಿಯರಿಂಗ್. ಅಂದ್ರೆ ಒಂದು ಟೇಬಲ್‌ನಲ್ಲಿರೋ ಮಾಹಿತೀನ ಇನ್ನೊಂದು ಟೇಬಲ್ ಜೊತೆ ಹೊಂದಿಸಿ, ಬೇಕಾದವರ ಕೈಗೆ ಬೇಕಾದ ಹೊತ್ತಿಗೆ ತಲುಪಿಸೋದು. ನಾನು ಸಂಶೋಧಕ ಅಲ್ಲ, ಡಾಕ್ಟರ್ ಅಲ್ಲ. ಆದ್ರೂ ಇವತ್ತು ಒಂದು ರೋಗದ ಸಂಶೋಧನೆ ಬಗ್ಗೆ ಮಾತಾಡೋಕೆ ಬಂದಿದ್ದೀನಿ. ಯಾಕಂದ್ರೆ ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೀನಿ. ಅದನ್ನೇ ಮೊದಲು ಹೇಳಿಬಿಡ್ತೀನಿ.

2018ರ ಡಿಸೆಂಬರ್ ಕೊನೆ, ಭಾನುವಾರ ರಾತ್ರಿ. ಅಪ್ಪ ಫೋನ್ ಮಾಡಿದ್ರು. ಅಡಿಕೆ ಕೊಯ್ಲು ಎಲ್ಲಿಗೆ ಬಂತು, ಕೊನೆಗಾರ ಬಂದನಾ, ರೇಟು ಎಷ್ಟಿದೆ, ಎಲ್ಲಾ ಮಾತಾಯ್ತು. ಫೋನ್ ಇಡೋ ಮುಂಚೆ ಅಪ್ಪ, ‘ಬೆಟ್ಟದ ಕೆಳಗೆ ಎರಡು ಮುಸುವ ಸತ್ತು ಬಿದ್ದಿದಾವೆ ಮಾರಾಯ, ವಾಸನೆ ಬರ್ತಿದೆ’ ಅಂದ್ರು. ಸೋಮವಾರ ನಮಗೆ ರಿಲೀಸ್ ಇತ್ತು. ಲ್ಯಾಪ್‌ಟಾಪ್ ನೋಡ್ತಾನೇ, ‘ಯಾರೋ ವಿಷ ಇಟ್ಟಿರಬೇಕಪ್ಪ’ ಅಂತ ಹೇಳಿ ಇಟ್ಟೆ.

ಆ ವಾರವೇ ನಮ್ಮ ಚಿಕ್ಕಪ್ಪ ಅದೇ ಬೆಟ್ಟಕ್ಕೆ ದರಕು ತರೋಕೆ ಹೋದ್ರು. ದರಕು ಅಂದ್ರೆ ಉದುರಿದ ಒಣಗಿದ ಎಲೆ, ಕೊಟ್ಟಿಗೆಗೆ ಹಾಸೋದಕ್ಕೆ. ಹತ್ತು ದಿನದೊಳಗೆ ಜ್ವರ ಬಂತು. ಮೈಕೈ ನೋವು, ತಲೆ ಎತ್ತೋಕಾಗದಂಥ ನೋವು. ಇಳೀತು ಅಂದುಕೊಂಡ್ವಿ, ಮತ್ತೆ ಬಂತು. ಚಿಕ್ಕಪ್ಪನ ರಕ್ತದ ಮಾದರಿ ಪುಣೆಗೆ ಹೋಗಿದೆ ಅಂತ ಅಪ್ಪ ಹೇಳಿದಾಗ ನಾನು ಪಾಷಾಣ್‌ನಲ್ಲಿ ಟ್ರಾಫಿಕ್‌ನಲ್ಲಿ ನಿಂತಿದ್ದೆ. ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ ಅಂತೀವಲ್ಲ, ಅದರ ಕ್ಯಾಂಪಸ್ಸು ನನ್ನ ಮನೆಯಿಂದ ಸ್ಕೂಟರ್‌ನಲ್ಲಿ ಹತ್ತು ನಿಮಿಷ. ದಿನಾ ಅದರ ಮುಂದೆನೇ ಓಡಾಡ್ತಿದ್ದೆ. ಅದಕ್ಕೂ ನಮ್ಮೂರಿಗೂ ಏನು ಸಂಬಂಧ ಅಂತ ಒಂದು ದಿನವೂ ಯೋಚನೆ ಮಾಡಿರಲಿಲ್ಲ.

ಚಿಕ್ಕಪ್ಪ ಉಳಿಯಲಿಲ್ಲ. ಅದು ಮಂಗನ ಕಾಯಿಲೆ.

ಮಂಗನ ಕಾಯಿಲೆ ಬಂದವರೆಲ್ಲ ಸಾಯಲ್ಲ, ಹೆದರಿಸೋಕೆ ಹೇಳ್ತಾ ಇಲ್ಲ. ನೂರು ಜನಕ್ಕೆ ಬಂದ್ರೆ ಸಾಯೋದು ಸುಮಾರು 3ರಿಂದ 5 ಜನ. ಆದ್ರೆ ಆ ಮೂರೋ ಐದೋ ಜನರಲ್ಲಿ ನಮ್ಮವರೊಬ್ಬರು ಇದ್ದಾಗ ಲೆಕ್ಕ ಬೇರೆ ಥರ ಕಾಣುತ್ತೆ. ಆಮೇಲೆ ನಾನು ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಗೊತ್ತಾಗಿದ್ದು ಏನಂದ್ರೆ, ಈ ರೋಗದ ಬಗ್ಗೆ ಅರವತ್ತು ವರ್ಷದಿಂದ ಬೇಕಾದಷ್ಟು ತಿಳಿದಿದೆ. ಆದ್ರೆ ಒಂದೊಂದು ತುಂಡು ಒಂದೊಂದು ಊರಲ್ಲಿದೆ. ಅದೂ ಎಲ್ಲಿ? ನಾವೆಲ್ಲ ಕೆಲಸಕ್ಕೆ ಅಂತ ಬಂದು ಸೇರಿರೋ ಊರುಗಳಲ್ಲೇ.

ಮೊದಲ ತುಂಡು ಪುಣೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯೋಕೆ ಶುರುವಾದ್ವು. ಅಕ್ಕಪಕ್ಕದ ಹಳ್ಳಿಗಳಲ್ಲಿ ಜನಕ್ಕೆ ಜ್ವರ. ಪುಣೆಯಲ್ಲಿ 1952ರಿಂದ ವೈರಸ್ ಸಂಶೋಧನಾ ಕೇಂದ್ರ ಇತ್ತು, ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಕಟ್ಟಿದ್ದು. ಇವತ್ತಿನ ಎನ್‌ಐವಿ ಅದೇ. ಮಂಗ ಸಾಯೋದು, ಜನಕ್ಕೆ ಜ್ವರ ಬರೋದು ಅಂದ ತಕ್ಷಣ ಅವರಿಗೆ ದಕ್ಷಿಣ ಅಮೆರಿಕದ ಹಳದಿ ಜ್ವರದ ಭಯ. ಅದು ಭಾರತಕ್ಕೆ ಬಂದುಬಿಟ್ಟರೆ ಗತಿ ಏನು? ಕೇಂದ್ರದ ನಿರ್ದೇಶಕ ಟೆಲ್‌ಫೋರ್ಡ್ ವರ್ಕ್ ಮತ್ತು ಅವರ ತಂಡ ಕಾಡಿಗೆ ಬಂತು. ಮಂಗದಿಂದ ವೈರಸ್ ಬೇರ್ಪಡಿಸಿ ನೋಡಿದ್ರೆ ಹಳದಿ ಜ್ವರ ಅಲ್ಲ. ರಷ್ಯಾದ ಕಡೆ ಉಣುಗಿನಿಂದ ಹರಡೋ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಪ್ರಪಂಚಕ್ಕೇ ಹೊಸದು. ಅದಕ್ಕೆ ಕ್ಯಾಸನೂರು ಕಾಡಿನ ಹೆಸರನ್ನೇ ಇಟ್ಟರು, ಕೆಎಫ್‌ಡಿ ಅಂತ.

ಇಲ್ಲಿ ಒಂದು ಮಾತು ಗಮನಿಸಿ. ಲ್ಯಾಬಿನಲ್ಲಿ ಹೆಸರು ಸಿಗೋ ಮೊದಲೇ ಹಳ್ಳಿಯವರು ಅದನ್ನ ‘ಮಂಗನ ಕಾಯಿಲೆ’ ಅಂತಿದ್ರು. ಮಂಗಕ್ಕೂ ಜ್ವರಕ್ಕೂ ಸಂಬಂಧ ಇದೆ ಅನ್ನೋದು ಅವರ ಮಾತಲ್ಲೇ ಇತ್ತು.

ಎರಡನೇ ತುಂಡು ಮುಂಬೈ ಮತ್ತು ದೆಹಲಿ. ರಷ್ಯಾದ ನೆಂಟ ಮಲೆನಾಡಿಗೆ ಹೇಗೆ ಬಂದ? ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನಿಂದ ಇರಬಹುದಾ? ಈ ಪ್ರಶ್ನೆ ಇಟ್ಟುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಹಕ್ಕಿಗಳ ವಲಸೆಯ ದೊಡ್ಡ ಅಧ್ಯಯನ ಶುರು ಮಾಡಿದ್ರು. ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಬಿಡೋದು. ಆಮೇಲೆ ಆ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣವೂ ಸೇರಿತು. ಅದು ದೊಡ್ಡ ಗಲಾಟೆ ಆಯ್ತು. ನಮ್ಮ ಹಕ್ಕಿ, ನಮ್ಮ ವೈರಸ್, ಅವರ ಸೇನೆ, ಏನಿದು ಅಂತ. 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಸಹಭಾಗಿತ್ವದ ಸಂಶೋಧನೆಗಳ ಬಗ್ಗೆ ಕಟುವಾದ ವರದಿಯನ್ನೇ ಕೊಟ್ಟಿತು.

ಮೂರನೇ ತುಂಡು ಕಾನೂನಿನದು, ಅದು ಚೆನ್ನೈಯಲ್ಲಿದೆ. ಇವತ್ತು ಹೊರದೇಶದ ಸಂಶೋಧಕರು ನಮ್ಮ ಕಾಡಿನ ಜೀವಿಗಳನ್ನ ಸಂಶೋಧನೆಗೆ ಪಡೀಬೇಕಾದ್ರೆ 2002ರ ಜೀವವೈವಿಧ್ಯ ಕಾಯ್ದೆ ಇದೆ. ಅದರ ರಾಷ್ಟ್ರೀಯ ಪ್ರಾಧಿಕಾರದ ಕಚೇರಿ ಚೆನ್ನೈಯಲ್ಲಿದೆ. ಮಾದರಿ ಯಾರದು, ಅದನ್ನ ಯಾರು ಒಯ್ಯಬಹುದು, ಅದರಿಂದ ಲಾಭ ಬಂದ್ರೆ ಊರಿಗೆ ಏನು, ಇವೆಲ್ಲ ಈಗ ಕಾನೂನಿನ ಪ್ರಶ್ನೆಗಳು.

ಇನ್ನು ಪರಿಸರದ ತುಂಡು. ಇದು ಸಾಗರದಲ್ಲೇ ಹುಟ್ಟಿದ್ದು. ಪುಣೆಯವರು ನಮ್ಮ ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆದಿದ್ರು. ಹಳದಿ ಜ್ವರದ ಮೇಲೆ ಕೆಲಸ ಮಾಡಿದ್ದ ಕೊಲಂಬಿಯಾದ ಜಾರ್ಜ್ ಬೊಷೆಲ್, ನಮ್ಮವರೇ ಆದ ಕೀಟತಜ್ಞ ಪಿ. ಕೆ. ರಾಜಗೋಪಾಲನ್, ಇಂಥವರೆಲ್ಲ ಇಲ್ಲಿನ ಕಾಡಲ್ಲಿ ಉಣುಗು ಎಣಿಸಿದವರು. 1969ರಲ್ಲಿ ಬೊಷೆಲ್ ಬರೆದ ವಾದ ಸರಳವಾಗಿದೆ. ವೈರಸ್ ಕಾಡಲ್ಲಿ ಇಲಿ, ಮೂಗಿಲಿ, ಉಣುಗುಗಳ ಮಧ್ಯೆ ಸುಮ್ಮನೆ ಸುತ್ತಾಡಿಕೊಂಡು ಮೊದಲಿಂದ ಇದ್ದಿರಬಹುದು. ನಾವು ಕಾಡು ಕಡಿದು ಗದ್ದೆ ಮಾಡಿದ್ವಿ, ದನ ಮೇಯೋಕೆ ಬಿಟ್ವಿ. ದನಕ್ಕೆ ಈ ರೋಗ ಬರಲ್ಲ, ಆದ್ರೆ ದೊಡ್ಡ ಉಣುಗಿಗೆ ದನದ ರಕ್ತ ಅಂದ್ರೆ ಹಬ್ಬದೂಟ. ಉಣುಗಿನ ಸಂಖ್ಯೆ ಏರಿತು. ಮಂಗಕ್ಕೆ ಕಚ್ಚಿತು. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಅಲ್ಲೇ ಸುತ್ತ ಇಳಿದು ಹರಡಿಕೊಳ್ತವೆ. ಅಲ್ಲಿಗೆ ನಾವು ದರಕು ತರೋಕೆ ಹೋಗ್ತೀವಿ.

ಕಾಲವೂ ಹಾಗೇ ಹೊಂದಿಕೊಳ್ಳುತ್ತೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚೋದು ಮರಿ ಉಣುಗು, ಎಳ್ಳಿನಷ್ಟು ಇರುತ್ತೆ. ಅದರ ಕಾಲ ಡಿಸೆಂಬರ್‌ನಿಂದ ಮೇ. ನಮ್ಮ ಕೊಯ್ಲು, ಸೌದೆ, ದರಕಿನ ಕಾಲವೂ ಅದೇ.

1980ರ ದಶಕದ ಶುರುವಿನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟಕ್ಕೆ ಅಂತ ಕಾಡು ಕಡಿದ ಮೇಲೆ ಅಲ್ಲೂ ಈ ಕಾಯಿಲೆ ಎದ್ದಿತು. 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. 2020ರಲ್ಲಿ ಬೆಂಗಳೂರಿನ ಏಟ್ರೀ ಸೇರಿದಂತೆ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನವೂ ಹೇಳೋದು ಅದನ್ನೇ: ಅಪಾಯ ಹೆಚ್ಚಿರೋದು ದಟ್ಟ ಕಾಡು, ತೋಟ ಬೆರೆತುಕೊಂಡ, ನಾಟಿ ದನ ಹೆಚ್ಚಿರೋ ಜಾಗದಲ್ಲಿ. ಅಂದ್ರೆ ನಮ್ಮಪ್ಪನ ಮನೆ ಇರೋ ಅಂಥ ಜಾಗದಲ್ಲಿ.

ಆರೋಗ್ಯದ ತುಂಡು ಅಂದ್ರೆ ಲಸಿಕೆ. ಇದಕ್ಕೆ ಲಸಿಕೆ ಇತ್ತು. ಎರಡು ಡೋಸು, ಆಮೇಲೆ ಬೂಸ್ಟರು. 2005ರಿಂದ 2010ರ ಅಂಕಿಅಂಶ ಇಟ್ಟುಕೊಂಡು ಮಾಡಿದ ಅಧ್ಯಯನದಲ್ಲಿ ಎರಡು ಡೋಸಿಗೆ ಸುಮಾರು 62 ಪರ್ಸೆಂಟ್, ಬೂಸ್ಟರ್ ಸೇರಿದ್ರೆ 83 ಪರ್ಸೆಂಟ್ ರಕ್ಷಣೆ ಕಂಡಿತ್ತು. ಒಂದೇ ಡೋಸಿನಿಂದ ಪ್ರಯೋಜನ ಇರಲಿಲ್ಲ. ಚಿಕ್ಕಪ್ಪ ಒಂದು ಡೋಸು ಹಾಕಿಸಿಕೊಂಡಿದ್ರು. ತೋಳು ನೋಯುತ್ತೆ, ಮರ ಹತ್ತೋಕಾಗಲ್ಲ, ಕೊಯ್ಲು ಮುಗೀಲಿ ಅಂತ ಎರಡನೇದು ಬಿಟ್ರು. ಒಂದು ಸಾಲದು ಅಂತ ಅವರಿಗೆ ಅರ್ಥ ಆಗೋ ಹಾಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆಮೇಲೆ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದ್ರು, ಪರಿಣಾಮ ಸಾಲದು ಅಂತ. ಈಗ ಐಸಿಎಂಆರ್ ಹೈದರಾಬಾದಿನ ಕಂಪನಿಯೊಂದರ ಜೊತೆ ಹೊಸ ಲಸಿಕೆಯ ಕೆಲಸ ಮಾಡ್ತಿದೆ. ಹೈದರಾಬಾದಿನಲ್ಲಿ ಕೂತು ಇದನ್ನ ಕೇಳ್ತಿರೋರು ಗಮನಿಸಿ, ನಿಮ್ಮೂರಲ್ಲೂ ಒಂದು ತುಂಡು ಇದೆ.

ಉಳಿದಿದ್ದು ಎರಡು ತುಂಡು. ಇವೆರಡು ನನಗೆ ಯಾವ ಪೇಪರಿನಲ್ಲೂ ಸಿಗಲಿಲ್ಲ, ಮನೆಯಲ್ಲಿ ಸಿಕ್ಕಿದ್ವು.

ತಿಥಿ ಎಲ್ಲಾ ಮುಗಿದ ಮೇಲೆ ಅಪ್ಪನನ್ನ ಕೇಳಿದೆ, ‘ಮಂಗ ಸತ್ತಿದ್ದನ್ನ ನೀವು ಯಾರಿಗೂ ಯಾಕೆ ಹೇಳಲಿಲ್ಲ?’ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು: ‘ಹೇಳಿದ್ರೆ ಬರ್ತಾರೆ. ಬಂದವರು ಸತ್ತ ಮಂಗ ಒಂದನ್ನೇ ನೋಡ್ತಾರಾ, ನನ್ನ ಬೇಲೀನೂ ನೋಡ್ತಾರೆ.’

ನಮ್ಮ ತೋಟದ ಅಂಚಿನ ಜಾಗಕ್ಕೆ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದ್ದೀವಿ. 2006ರ ಆ ಕಾಯ್ದೆ ಪ್ರಕಾರ, ಬುಡಕಟ್ಟಿಗೆ ಸೇರದ ನಮ್ಮಂಥವರು 2005ರ ಡಿಸೆಂಬರ್ 13ಕ್ಕೆ ಮುಂಚಿನ 75 ವರ್ಷ, ಅಂದ್ರೆ ಮೂರು ತಲೆಮಾರು, ಅಲ್ಲೇ ಇದ್ದೀವಿ ಅಂತ ತೋರಿಸಬೇಕು. ಅಜ್ಜನ ಕಾಲದ ಕಾಗದ ಎಲ್ಲಿಂದ ತರೋದು? ಹಾಗಾಗಿ ಭಯ. ಆ ಭಯದಲ್ಲಿ ಒಂದು ಮಾಹಿತಿ ಮುಚ್ಚಿಹೋಯ್ತು. ಅಪ್ಪ ತಪ್ಪು ಮಾಡಿದ್ರು ಅಂತ ನಾನು ಹೇಳೋಕೆ ತಯಾರಿಲ್ಲ. ಕಾನೂನು ಓದುವವರು, ರೋಗ ಓದುವವರು ಒಟ್ಟಿಗೆ ಕೂತಿದ್ರೆ ಈ ಭಯ ಅವರ ಕಣ್ಣಿಗೆ ಬೀಳ್ತಿತ್ತೇನೋ.

ಇನ್ನೊಂದು ತುಂಡು ಕೊಟ್ಟಿದ್ದು ಚಿಕ್ಕಪ್ಪನ ಮಗಳು. ಆ ವರ್ಷ ಎಸ್‌ಎಸ್‌ಎಲ್‌ಸಿ. ಅಪ್ಪ ಹೋಗಿ ಎರಡು ತಿಂಗಳೂ ಆಗಿರಲಿಲ್ಲ, ಪರೀಕ್ಷೆ ಬರೆದಳು. ಒಂದು ಸಂಜೆ ಕೇಳಿದಳು, ‘ಅಣ್ಣಾ, ಶಾಲೇಲಿ ಸೊಳ್ಳೆ ಚಿತ್ರ ಎಷ್ಟು ಸಲ ಬರೆಸಿದ್ರು. ಉಣುಗಿನ ಚಿತ್ರ ಒಂದು ಸಲವೂ ಬರೆಸಲಿಲ್ಲ. ಯಾಕೆ?’ ನನ್ನ ಹತ್ರ ಉತ್ತರ ಇರಲಿಲ್ಲ. ಅವಳು ಓದಿದ್ದು ಕ್ಯಾಸನೂರಿರೋ ಜಿಲ್ಲೆಯಲ್ಲೇ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಟೇಬಲ್‌ಗಳೆಲ್ಲ ಇವೆ, ಜಾಯಿನ್ ಆಗಿಲ್ಲ. ವೈರಸ್ ಓದೋರಿಗೆ ಬೇಲಿ ಕಾಣಲ್ಲ, ಕಾನೂನು ಓದೋರಿಗೆ ಉಣುಗು ಕಾಣಲ್ಲ, ಪಾಠ ಹೇಳೋರಿಗೆ ಪೇಪರ್ ತಲುಪಲ್ಲ. ಎಲ್ಲಾ ಟೇಬಲ್‌ನಲ್ಲೂ ಇರೋ ಒಂದೇ ಕಾಲಮ್ಮು ಆ ಊರಿನ ಮನುಷ್ಯ. ಆ ಮನುಷ್ಯನ ಫೋನು ನಮಗೆ ಬರುತ್ತೆ. ವಾರಕ್ಕೊಂದು ಸಲ, ಭಾನುವಾರ ರಾತ್ರಿ.

ಅದಕ್ಕೇ ನಿಮ್ಮ ಹತ್ರ ಮೂರು ಮಾತು ಕೇಳ್ತೀನಿ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಆ ಕಡೆಯ ಮನೆಯವರಿಗೆ ವಿಶೇಷವಾಗಿ.

ಒಂದು, ಡಿಸೆಂಬರ್‌ನಿಂದ ಮೇವರೆಗೆ ಊರಿಗೆ ಫೋನ್ ಮಾಡಿದಾಗ ಅಡಿಕೆ ರೇಟಿನ ಜೊತೆ ‘ಮಂಗ ಸತ್ತಿದ್ದು ಕಂಡ್ರಾ’ ಅಂತ ಕೇಳಿ. ಕಂಡಿದ್ರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ, ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೇಳಿ ಅನ್ನಿ. ಅವರು ಹೇಳೋಕೆ ಹಿಂಜರಿದರೆ ನೀವೇ ಫೋನ್ ಮಾಡಿ ಹೇಳಿ. ಪುಣೆಯಲ್ಲಿ ಕೂತವನ ಬೇಲಿ ಯಾರೂ ನೋಡಲ್ಲ.

ಎರಡು, ಕಾಡಿಗೆ ಹೋಗೋ ಮುಂಚೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳೋದು, ಮೈ ಮುಚ್ಚೋ ಬಟ್ಟೆ ಹಾಕೋದು, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡೋದು. ಎಣ್ಣೆಯನ್ನ ಆರೋಗ್ಯ ಇಲಾಖೆಯವರು ಕೊಡ್ತಾರೆ, ಹಲವು ಮನೆಗಳಲ್ಲಿ ಬಾಟಲಿ ಕಿಟಕಿ ಮೇಲೆ ಹಾಗೇ ಕೂತಿರುತ್ತೆ. ಜ್ವರ ಬಂದ್ರೆ ಮೊದಲ ದಿನವೇ ರಕ್ತ ಪರೀಕ್ಷೆ. ‘ಕಾಡಿಗೆ ಹೋಗಿದ್ದೆ’ ಅಂತ ಡಾಕ್ಟರಿಗೆ ಹೇಳಲೇಬೇಕು.

ಮೂರು, ನೀವು ಓದಿದ ಶಾಲೆಗೆ ಈ ವರ್ಷ ಏನಾದ್ರೂ ಕೊಡೋದಿದ್ರೆ, ಪ್ರೊಜೆಕ್ಟರ್ ಆಮೇಲೆ ಕೊಡಿ. ಉಣುಗಿನ ದೊಡ್ಡ ಚಿತ್ರ, ಯಾವ ತಿಂಗಳು ಏನು ಮಾಡಬೇಕು ಅನ್ನೋ ಒಂದು ಕನ್ನಡದ ಪಟ್ಟಿ, ಅದನ್ನ ಗೋಡೆಗೆ ಹಾಕಿಸಿ. ಅದರಲ್ಲಿ ಬರೆಯೋದನ್ನ ಮೊದಲು ಅಲ್ಲಿನ ಡಾಕ್ಟರಿಗೆ ತೋರಿಸಿ.

ನಮ್ಮ ಶಾಲೆಗೆ ಅಂಥದ್ದೊಂದು ಮಾಡಿಸಿದ್ದೀವಿ. ಚಿತ್ರ ಬರೆದಿದ್ದು ಚಿಕ್ಕಪ್ಪನ ಮಗಳೇ. ಅವಳು ಈಗ ನರ್ಸಿಂಗ್ ಓದ್ತಿದ್ದಾಳೆ. ಮೊದಲ ಸಲ ಬರೆದಾಗ ಉಣುಗಿಗೆ ಆರು ಕಾಲು ಹಾಕಿದ್ದಳು. ಆರು ಕಾಲು ಇರೋದು ಮೊಟ್ಟೆಯಿಂದ ಬಂದ ಹಸುಗೂಸಿಗೆ ಮಾತ್ರ, ನಮಗೆ ಕಚ್ಚೋದಕ್ಕೆ ಎಂಟು ಕಾಲು ಅಂತ ಅವಳೇ ಹುಡುಕಿ ತಿದ್ದಿದಳು.

ಅಪ್ಪ ಈಗಲೂ ಭಾನುವಾರ ಫೋನ್ ಮಾಡ್ತಾರೆ. ನಾನು ಲ್ಯಾಪ್‌ಟಾಪ್ ಮುಚ್ಚಿ ಮಾತಾಡ್ತೀನಿ.